ಸೂತಕದ ಮನೆಯಲ್ಲಿ ಲಿಂಗಪೂಜೆ

(ಚಿಕ್ಕಜಾಲದ ಮನೆಯೊಂದರಲ್ಲಿ ನಡೆದ ಶರಣ ಚಿಂತನದಲ್ಲಿ ಆಡಿದ ಮಾತುಗಳ ಬರಹರೂಪ)

 

ಪುರೋಹಿತರ ವಿಷಯ ಮಾತನಾಡಿ ಎಂದು ನನಗೆ ಹೇಳಿದ್ದಾರೆ. ವೇದಿಕೆ ಹತ್ತಿ ಪುರೋಹಿತರನ್ನು ಬೈಯುವುದು ನಮಗೆ ಸುಲಭ. ಮಾರನೆಯ ದಿನ ಗೃಹಪ್ರವೇಶಕ್ಕೆ ಅವರಿಗೇ ಫೋನ್ ಮಾಡುವುದೂ ಅಷ್ಟೇ ಸುಲಭ. ಆದ್ದರಿಂದ ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ.

ನಮ್ಮ ತಂದೆ ಲಿಂಗೈಕ್ಯರಾದರು. ಪದ್ಧತಿಯಂತೆ ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆ ಹಾಕಿ ಸಮಾಧಿ ಮಾಡಿದೆವು. ಮನೆಗೆ ಬಂದ ಮೇಲೆ ನೆಂಟರು ಹತ್ತಿರದ ಗುಡಿಯ ಅರ್ಚಕರನ್ನು ಕರೆಸಿದರು. ಹನ್ನೊಂದು ದಿನ ಸೂತಕ, ಮನೆಯಲ್ಲಿ ಪೂಜೆ ಇಲ್ಲ, ದೀಪ ಇಲ್ಲ ಎಂದು ಅವರು ಹೇಳಿ ಹೋದರು. ಅಮ್ಮ ಕರಡಿಗೆ ಬಿಚ್ಚಿ ಗೂಡಿನಲ್ಲಿಟ್ಟರು. ಐವತ್ತು ವರ್ಷ ಒಂದು ದಿನವೂ ಲಿಂಗಪೂಜೆ ಬಿಡದವರು. ಮಾರನೆಯ ಬೆಳಗ್ಗೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಬರಿಗೈಯಲ್ಲಿ ಕೂತಿದ್ದರು.

ಜನನ, ಮರಣ, ರಜಸ್ಸು, ಎಂಜಲು, ಜಾತಿ: ಈ ಐದು ಸೂತಕಗಳು ಲಿಂಗವಂತರಿಗಿಲ್ಲ ಎಂದು ಎಷ್ಟು ಸಭೆಗಳಲ್ಲಿ ನಾನೇ ಹೇಳಿದ್ದೇನೆ! ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ ಮೇಲೆ ಇದೇನು ಗುಟ್ಟಿನ ವಿಷಯವಲ್ಲ. ಆ ದಿನ ಮಾತ್ರ ನಾನು ಬಾಯಿ ಬಿಡಲಿಲ್ಲ. ನೆಂಟರ ಮುಂದೆ ಯಾಕೆ ಜಗಳ ಎಂದುಕೊಂಡೆ.

ಮೂರನೆಯ ದಿನ ಅಮ್ಮನೇ ಕೇಳಿದರು: “ನಿಮ್ಮಪ್ಪನ ಕೈಗೆ ಲಿಂಗ ಕೊಟ್ಟು ಮಣ್ಣು ಮಾಡಿದ್ರಿ. ಬದುಕಿರೋ ನನ್ನ ಕೈಯಿಂದ ಯಾಕಪ್ಪಾ ಕಿತ್ಕೊಂಡ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಎದ್ದು ಸ್ನಾನ ಮಾಡಿ, ಕರಡಿಗೆ ತೆಗೆದುಕೊಂಡು ಪೂಜೆಗೆ ಕೂತರು. ಅತ್ತೆಯವರಲ್ಲಿ ಒಬ್ಬರು ಮುಖ ತಿರುಗಿಸಿಕೊಂಡು ಹೋದರು. ಮಿಕ್ಕವರು ಸುಮ್ಮನೆ ನೋಡಿದರು.

ಇದರಲ್ಲಿ ಆ ಅರ್ಚಕರ ತಪ್ಪೇನು? ಕರೆದವರು ನಾವು. ಅವರು ತಾವು ಕಲಿತದ್ದನ್ನು ಹೇಳಿದರು. ಅವರ ಬದುಕನ್ನೂ ನೋಡಿ. 1955ರ ಕಾಯ್ದೆಯಿಂದ ದೇವಸ್ಥಾನಗಳ ಇನಾಂ ಭೂಮಿ ಹೋಯಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಗುಡಿಗೆ ಉಳಿದದ್ದು ತಸ್ತೀಕು. ಮುಜರಾಯಿ ಇಲಾಖೆಯ 34 ಸಾವಿರದಷ್ಟು ದೇವಸ್ಥಾನಗಳಲ್ಲಿ ಬಹುಪಾಲು ‘ಸಿ’ ವರ್ಗದವು, ಅಂದರೆ ಆದಾಯ ತೀರಾ ಕಡಿಮೆ ಇರುವವು. ಬೆಳಗ್ಗೆ ಸಂಜೆ ಬಾಗಿಲು ತೆಗೆದು ಅಭಿಷೇಕ, ನೈವೇದ್ಯ ಮಾಡುವ ಅರ್ಚಕರ ಸಂಸಾರ ತಟ್ಟೆಕಾಸಿನಿಂದ ನಡೆಯುವುದಿಲ್ಲ. ನಾಮಕರಣ, ಮದುವೆ, ತಿಥಿಗಳಿಂದ ನಡೆಯುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಬಳ್ಳಾರಿ ರಸ್ತೆಯ ಈ ಕಡೆ ಹೊಸ ಮನೆಗಳಿಗೂ ಕೊರತೆಯಿಲ್ಲ. ಈಗ ಹೂವು, ಹೋಮ, ಅಡುಗೆ ಎಲ್ಲ ಸೇರಿಸಿ ಒಂದೇ ರೇಟು. ಮೊಬೈಲಿನಲ್ಲೇ ಬುಕ್ ಮಾಡಬಹುದು. ಯಜಮಾನರು ಹೋಮದ ಮುಂದೆ ಕೂತು ಆಫೀಸಿನ ಫೋನಿಗೆ ಉತ್ತರ ಕೊಡುವುದನ್ನೂ ನೋಡಿದ್ದೇನೆ.

ನಮ್ಮ ಅಯ್ಯನವರನ್ನೂ ನಾವು ಹಾಗೇ ಮಾಡಿಕೊಂಡಿದ್ದೇವೆ ಎಂದರೆ ಬೇಸರ ಮಾಡಿಕೊಳ್ಳಬೇಡಿ. ದೀಕ್ಷೆ ಕೊಟ್ಟು ಪೂಜೆ ಕಲಿಸಬೇಕಾದ ಜಂಗಮರನ್ನು ದಕ್ಷಿಣೆ ಕೊಟ್ಟು ಕಳಿಸುವ ಪುರೋಹಿತರನ್ನಾಗಿ ಮಾಡಿದ್ದು ನಾವೇ. ಇಷ್ಟಲಿಂಗವನ್ನು ಅಂಗೈಗೆ ಕೊಟ್ಟದ್ದೇ ನಡುವೆ ಇನ್ನೊಬ್ಬರು ಬೇಡ ಎಂದು. ಗಂಡಸಿಗೆ ಬೇರೆ ಲಿಂಗ, ಹೆಂಗಸಿಗೆ ಬೇರೆ ಲಿಂಗ ಅಂತಲೂ ಇಲ್ಲ.

ಇವತ್ತು ಪ್ರಸಾದಕ್ಕೆ ಮುಂಚೆ ನಮ್ಮ ಅಮ್ಮ ಲಿಂಗಪೂಜೆ ಮಾಡಿ ತೋರಿಸುತ್ತಾರೆ. ಎಡ ಅಂಗೈ ಮೇಲೆ ಲಿಂಗ, ಒಂದು ತಂಬಿಗೆ ನೀರು, ವಿಭೂತಿ, ಒಂದು ಪತ್ರೆ. ಹತ್ತು ನಿಮಿಷದ ಕೆಲಸ. ಲಿಂಗ ಮನೆಯಲ್ಲೇ ಬಿಟ್ಟು ಬಂದವರು ಹಿಂದೆ ಕೂರಬೇಡಿ, ಮುಂದೆ ಬಂದು ನೋಡಿ. ಹೆಣ್ಣುಮಕ್ಕಳು ಯಾರೂ ಈ ದಿನ ತಮಗೆ ಆಗುವುದಿಲ್ಲ ಎಂದು ಬಾಗಿಲ ಹೊರಗೆ ನಿಲ್ಲಬೇಡಿ. ಅಮ್ಮ ಒಳಗೆ ಕಾಯುತ್ತಿದ್ದಾರೆ.