ಹೆಜ್ಜೆಯಿಂದ ಪಟ್ಟೆಗೆ: ಹುಲಿ ಎಣಿಕೆಯ ಕಥೆ

ನಮ್ಮ ಕಾಡುಗಳಲ್ಲಿ ಎಷ್ಟು ಹುಲಿಗಳಿವೆ ಎಂಬ ಪ್ರಶ್ನೆಗೆ ಬಹಳ ವರ್ಷ ಉತ್ತರ ಹುಡುಕಿದ್ದು ನೆಲದ ಮೇಲೆ. 1960ರ ದಶಕದಲ್ಲಿ ಒಡಿಶಾದ ಅರಣ್ಯಾಧಿಕಾರಿ ಎಸ್.ಆರ್. ಚೌಧರಿ ರೂಪಿಸಿದ ಕ್ರಮ ಅದು. ಗಾರ್ಡುಗಳು, ವಾಚರುಗಳು ಹಳ್ಳದ ದಂಡೆಯಲ್ಲಿ ಹೆಜ್ಜೆ ಹುಡುಕಿ, ಮೇಲೆ ಗಾಜು ಹಿಡಿದು ಅದರ ಆಕಾರ ಬರೆದುಕೊಳ್ಳುತ್ತಿದ್ದರು. ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಿದ್ದರು. 1972ರಲ್ಲಿ ದೇಶದಲ್ಲಿ 1,827 ಹುಲಿ ಎಂಬ ಲೆಕ್ಕ ಬಂತು. ಮರುವರ್ಷವೇ ಹುಲಿ ಯೋಜನೆ ಶುರುವಾಯಿತು, ಬಂಡೀಪುರವೂ ಅದಕ್ಕೆ ಸೇರಿತು. ಬಿಸಿಲಲ್ಲಿ ಬಗ್ಗಿ ಹೆಜ್ಜೆ ಬರೆದವರ ಆ ಶ್ರಮವನ್ನು ಹಗುರವಾಗಿ ಕಾಣಬಾರದು.

ಆದರೆ ಒಂದೇ ಪಂಜ ಕೆಸರಲ್ಲಿ ಒಂದು ಥರ ಮೂಡಿದರೆ, ಧೂಳಲ್ಲಿ ಇನ್ನೊಂದು ಥರ. ಒಂದು ಹುಲಿ ಎರಡಾಗಿಬಿಡಬಹುದು. ಅದಕ್ಕಿಂತ ದೊಡ್ಡ ತೊಡಕು, ಹೆಜ್ಜೆ ಸಿಗದ ಹುಲಿಗೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ದಾರಿ ತೋರಿದ್ದು ನಮ್ಮ ನಾಗರಹೊಳೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅಲ್ಲಿ ಹುಲಿ ಓಡಾಡುವ ದಾರಿಗಳ ಎರಡೂ ಬದಿಗೆ ಕ್ಯಾಮೆರಾ ಕಟ್ಟಿದರು. ಎಡಮೈಯ ಪಟ್ಟೆ ಬಲಮೈಯಲ್ಲಿರುವುದಿಲ್ಲ, ಹಾಗಾಗಿ ಎರಡೂ ಚಿತ್ರ ಬೇಕು. ಮನುಷ್ಯರ ಬೆರಳಚ್ಚಿನ ಹಾಗೆ ಪ್ರತಿ ಹುಲಿಯ ಪಟ್ಟೆಯೂ ಬೇರೆ. ಇನ್ನು ಲೆಕ್ಕ ನೋಡಿ. ಮೊದಲ ಸುತ್ತಿಗೆ 10 ಹುಲಿ ಸಿಕ್ಕವೆನ್ನೋಣ. ಎರಡನೆಯ ಸುತ್ತಿಗೂ 10, ಅದರಲ್ಲಿ 5 ಹಳೆಯವೇ. ಅಂದರೆ ಒಂದು ಸುತ್ತಿಗೆ ನಮ್ಮ ಕಣ್ಣಿಗೆ ಬೀಳುವುದು ಕಾಡಿನ ಅರ್ಧ ಹುಲಿಗಳು ಮಾತ್ರ. ಒಟ್ಟು ಸುಮಾರು 20 ಇರಬೇಕು. ಮೀನಿಗೆ ಗುರುತು ಹಾಕಿ ನೀರಿಗೆ ಬಿಟ್ಟು, ಮತ್ತೆ ಹಿಡಿದು ಎಣಿಸುತ್ತಿದ್ದವರ ಹಳೆಯ ಗಣಿತ ಇದು. ಕಾರಂತರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. 1998ರಲ್ಲಿ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ ಬರೆದ ಪ್ರಬಂಧದಲ್ಲಿ ಕಾನ್ಹಾ, ಪೆಂಚ್, ಕಾಜಿರಂಗಗಳೂ ಸೇರಿದವು.

ದೇಶ ಎಚ್ಚೆತ್ತುಕೊಂಡದ್ದು ಮಾತ್ರ 2005ರಲ್ಲಿ. ಕಡತದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಉಳಿದಿರಲಿಲ್ಲ! ಆಮೇಲೆ ರಾಷ್ಟ್ರೀಯ ಗಣತಿಯ ಕ್ರಮವೇ ಬದಲಾಯಿತು, ಕ್ಯಾಮೆರಾವೂ ಅದಕ್ಕೆ ಸೇರಿತು. 2006ರ ಅಂದಾಜು 1,411. ಇದನ್ನು ಹೆಜ್ಜೆ ಲೆಕ್ಕದ ಪಕ್ಕ ಇಟ್ಟು ಇಷ್ಟು ಹುಲಿ ಸತ್ತವು ಎನ್ನುವುದು ಸರಿಯಲ್ಲ, ಅಳತೆಗೋಲೇ ಬೇರೆ. 2018ರಲ್ಲಿ ಕ್ಯಾಮೆರಾಕ್ಕೆ ಸಿಕ್ಕವು 2,461 ಹುಲಿಗಳು, ಅಂದಾಜು 2,967. ನಡುವಿನ ವ್ಯತ್ಯಾಸವೇ ನಮ್ಮ ಕಣ್ಣಿಗೆ ಬೀಳದ ಹುಲಿಗಳ ಪಾಲು. ಅದನ್ನು ಬಿಟ್ಟು ಮಾಡಿದ ಲೆಕ್ಕವನ್ನು ನಾನು ಗಣತಿ ಎನ್ನಲಾರೆ.

ಚುಕ್ಕೆಗಳಿಂದ ಚಿರತೆಯನ್ನೂ ಹೀಗೇ ಎಣಿಸಬಹುದು. ಮೈಮೇಲೆ ಸ್ಪಷ್ಟ ಗುರುತಿಲ್ಲದ ಕಾಡುಬೆಕ್ಕನ್ನು ಒಂದೊಂದಾಗಿ ಬಿಡಿಸಿ ಗುರುತಿಸುವುದು ಈಗಲೂ ಬಲು ಕಷ್ಟ.