ಕನ್ನಡದ ಕಿವಿ, ಇಂಗ್ಲಿಷ್ ವಾಕ್ಯ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಎಸ್ಸೆಸ್ಸೆಲ್ಸಿ ಇರಲಿ, ನೌಕರಿಯ ಪರೀಕ್ಷೆ ಇರಲಿ, ‘ವಾಕ್ಯವನ್ನು ಸರಿಪಡಿಸಿ’ ಎಂಬ ಪ್ರಶ್ನೆ ಕಂಡೊಡನೆ ನಮ್ಮ ಮಕ್ಕಳು ಕೈಚೆಲ್ಲುತ್ತಾರೆ. ‘ಓದಿ ನೋಡು, ಕಿವಿಗೆ ಸರಿ ಅನ್ನಿಸಿದ್ದನ್ನು ಆರಿಸು’ ಎನ್ನುವವರಿದ್ದಾರೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗುವಿಗೆ ಆ ಕಿವಿ ಎಲ್ಲಿಂದ ಬರಬೇಕು? ಆದರೆ ಅದಕ್ಕೆ ಕನ್ನಡದ ಕಿವಿ ಇದೆ. ಅದೇ ನಮ್ಮ ಬಂಡವಾಳ.

‘ಹಿ ಡಿಡ್ ನಾಟ್ ವೆಂಟ್’ ಸರಿಯೇ? ನಾವು ‘ಹೋದ’ ಅನ್ನುತ್ತೇವೆ. ಇಲ್ಲ ಎನ್ನುವಾಗ ‘ಹೋಗಲಿಲ್ಲ’ ಅನ್ನುತ್ತೇವೆ. ‘ಹೋದಲಿಲ್ಲ’ ಎಂದು ಯಾರೂ ಅನ್ನುವುದಿಲ್ಲ. ಇಂಗ್ಲಿಷಿನಲ್ಲೂ ಭೂತಕಾಲವನ್ನು ‘ಡಿಡ್’ ಹೊತ್ತ ಮೇಲೆ ಕ್ರಿಯಾಪದ ‘ಗೋ’ ಆಗಿಯೇ ಉಳಿಯಬೇಕು.

‘ಒನ್ ಆಫ್ ದ ಬಾಯ್ಸ್’ ಮುಂದೆ ‘ಹ್ಯಾಸ್’ ಬರಬೇಕೋ ‘ಹ್ಯಾವ್’ ಬರಬೇಕೋ? ‘ಹುಡುಗರಲ್ಲಿ ಒಬ್ಬ ಬಂದಿದ್ದಾನೆ.’ ಹುಡುಗರು ಹತ್ತು ಮಂದಿ ಇದ್ದರೂ ಬಂದವನು ಒಬ್ಬನೇ. ಆದ್ದರಿಂದ ‘ಹ್ಯಾಸ್’. ಮೊದಲು ಕ್ರಿಯಾಪದ ಹುಡುಕಿ, ‘ಯಾರು?’ ಎಂದು ಕೇಳಿ. ಉತ್ತರ ತಾನಾಗಿ ಬರುತ್ತದೆ.

ಎಲ್ಲ ಕಡೆಯೂ ಕನ್ನಡ ಕೈಹಿಡಿಯದು. ‘ಐದು ವರ್ಷದಿಂದ ಕಬ್ಬು ಬೆಳೆಯುತ್ತಿದ್ದೇವೆ’, ‘ಜೂನ್‌ನಿಂದ ಶಾಲೆ ನಡೆಯುತ್ತಿದೆ’. ನಮಗೆ ಎರಡಕ್ಕೂ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಯಾವಾಗ ಶುರುವಾಯಿತು ಎಂಬುದಕ್ಕೆ ‘ಸಿನ್ಸ್’. ಅದಕ್ಕೇ ‘ಸಿನ್ಸ್ ಫೈವ್ ಇಯರ್ಸ್’ ತಪ್ಪು. ‘ಡಿಸ್ಕಸ್ ಅಬೌಟ್’ ಎಂಬುದೂ ನಮ್ಮ ‘ಬಗ್ಗೆ ಚರ್ಚಿಸು’ ಎಂಬುದರ ನೆರಳು. ಅಲ್ಲಿ ‘ಅಬೌಟ್’ ಬೇಡ. ಇಂಥವನ್ನು ಪಟ್ಟಿ ಮಾಡಿ ಕಲಿಯಬೇಕು.

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರೂ ಇಂಗ್ಲಿಷ್ ಅಧ್ಯಾಪಕರೇ. ಇಬ್ಬರನ್ನೂ ನಾಡು ನೆನೆಯುವುದು ಕನ್ನಡದ ಬರಹಕ್ಕಾಗಿ. ಒಂದು ಭಾಷೆ ಇನ್ನೊಂದಕ್ಕೆ ಅಡ್ಡಿಯಲ್ಲ ಎನ್ನಲು ನಮ್ಮ ಸೀಮೆಗೆ ಬೇರೆ ಸಾಕ್ಷಿ ಬೇಕೆ?

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಕಟ್ಟಡಕ್ಕೆ, ಬೆಂಚಿಗೆ ಕೊಟ್ಟಿದ್ದೀರಿ, ಸಂತೋಷ. ಊರಿಗೆ ಬಂದಾಗ ಒಂದು ಗಂಟೆಯನ್ನೂ ಕೊಡಿ. ಹತ್ತು ವಾಕ್ಯ ಬರೆದು, ಯಾವುದು ತಪ್ಪು ಎಂದಷ್ಟೇ ಅಲ್ಲ, ಯಾಕೆ ತಪ್ಪು ಎಂದು ಮಕ್ಕಳಿಂದಲೇ ಕನ್ನಡದಲ್ಲಿ ಹೇಳಿಸಿ. ಕಾರಣ ಹೇಳಬಲ್ಲ ಮಗು ಪರೀಕ್ಷೆಗೆ ಹೆದರದು.