ಸೋಲಾರ್ ಪಟ್ಟಿಗಳ ಜೋಡಣೆ ಮತ್ತು ಅರ್ತಿಂಗು



ಮಾಳಿಗೆಯ ಮೇಲೋ, ಕೊಟ್ಟಿಗೆಯ ತಗಡಿನ ಮೇಲೋ ಸೋಲಾರ್ ಪ್ಯಾನೆಲ್ ಹಾಕಿಸಿದ್ದೀರಿ. ಪ್ಯಾನೆಲ್ ಎಷ್ಟು, ಬೆಲೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೊತ್ತಿರುವ ಅಲ್ಯೂಮಿನಿಯಂ ಪಟ್ಟಿಯನ್ನು ಬಗ್ಗಿ ನೋಡುವವರು ಕಡಿಮೆ. ಇವತ್ತು ಆ ಪಟ್ಟಿಯ ಮಾತು.

ಎರಡು ಪಟ್ಟಿ ಕೂಡುವ ಕಡೆ ತುಂಡು ಕೊಟ್ಟು ಬೋಲ್ಟು ಬಿಗಿದಿರುತ್ತಾರೆ. ಗಟ್ಟಿಯಾಗಿ ನಿಂತಿದೆ, ಸರಿ. ಆದರೆ ವಿದ್ಯುತ್ತು ಅಲ್ಲಿ ದಾಟುತ್ತದೆಯೇ? ದಾಟುತ್ತದೆಂದು ನಂಬಿ ಕೂರಬೇಡಿ. ಎಷ್ಟೋ ಪಟ್ಟಿಗಳ ಮೇಲೆ ಕಾರ್ಖಾನೆಯಲ್ಲಿ ಕೂರಿಸಿದ ತೆಳುವಾದ ಪೊರೆ ಇರುತ್ತದೆ. ಅದು ವಿದ್ಯುತ್ತನ್ನು ಬಿಡುವುದಿಲ್ಲ. ಒಂದು ಪಟ್ಟಿಗೆ ಅರ್ತಿಂಗು ಇದ್ದು ಪಕ್ಕದ್ದಕ್ಕೆ ಇಲ್ಲದಂತಾಯಿತು. ತಂತಿಯ ಹೊದಿಕೆ ಸುಲಿದು ಆ ಪಟ್ಟಿಗೆ ತಾಗಿತೋ, ಧೂಳು ಒರೆಸಲು ಹತ್ತಿದ ಮಗನಿಗೆ ಹೊಡೆತ. ಸ್ವಿಚ್ಚು ಆರಿಸಿದ್ದೇನಲ್ಲ ಅನ್ನಬೇಡಿ. ಬಿಸಿಲಿರುವ ತನಕ ಪ್ಯಾನೆಲಿನಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಸಾಲಾಗಿ ಜೋಡಿಸಿದ್ದರೆ ಅದು ನೂರಾರು ವೋಲ್ಟು!

ಆದ್ದರಿಂದ ಪ್ರತಿ ಜಾಯಿಂಟಿಗೂ ಒಂದು ತುಂಡು ತಂತಿಯ ಸೇತುವೆ ಹಾಕಿಸಿ. ಹಲ್ಲಿರುವ ಸ್ಟೀಲ್ ವಾಷರು ಇಟ್ಟು ಬಿಗಿದರೆ ಹಲ್ಲು ಪೊರೆಯನ್ನು ಕೊರೆದು ಲೋಹ ಮುಟ್ಟುತ್ತದೆ. ಬರಿಯ ತಾಮ್ರವನ್ನು ಅಲ್ಯೂಮಿನಿಯಂಗೆ ಕಟ್ಟಬಾರದು. ಮಳೆ ಬಿದ್ದರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಕಲಾಯಿ ಮಾಡಿದ ತಾಮ್ರದ ಲಗ್ಗು ಇರಲಿ.

ತಂತಿಯನ್ನು ಸೆಟೆದು ಕಟ್ಟಿಸಬೇಡಿ, ಸ್ವಲ್ಪ ಬಳುಕಿರಲಿ. 10 ಮೀಟರ್ ಪಟ್ಟಿಗೆ 40 ಡಿಗ್ರಿ ಕಾವು ಏರಿದರೆ ಸುಮಾರು 9 ಮಿಲಿಮೀಟರ್ ಉದ್ದವಾಗುತ್ತದೆ. ಬಂಡಿಯ ಗಾಲಿಗೆ ಪಟ್ಟಾ ಕಾಸಿ ಹಾಕುವುದನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ.

ಕೆಲಸದವನು ಹೊರಡುವ ಮುನ್ನ, "ಕೊನೆಯ ಪಟ್ಟಿಯಿಂದ ಅರ್ತಿಂಗ್ ತಂತಿಯ ತನಕ ಮೀಟರು ಹಿಡಿದು ತೋರಿಸಪ್ಪ" ಅನ್ನಿ. ತೋರಿಸಿದ ಮೇಲೆಯೇ ಬಾಕಿ ಹಣ ಕೊಡಿ.